ಒಂದು ಕಾದಂಬರಿ, ಎರಡು ಸಿನಿಮಾ



ನಮ್ಮ ದೆಹಲಿಯ ಹಿಂದಿ ಗೆಳೆಯರಿಗೆ 'ಬಸಂತ್ ಬಹಾರ್' ಹಾಡುಗಳೆಂದರೆ ಪ್ರಾಣ. ಆ ಚಿತ್ರದ ಬೇರು ನಮ್ಮ ಚಿತ್ರದುರ್ಗದಲ್ಲಿದೆ ಎಂದರೆ ಹುಬ್ಬೇರಿಸುತ್ತಾರೆ. ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಯನ್ನು ಆಧರಿಸಿ 1956ರಲ್ಲಿ ರಾಜಾ ನವಾಥೆ ಈ ಹಿಂದಿ ಚಿತ್ರ ಮಾಡಿದರು. 1975ರಲ್ಲಿ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಕನ್ನಡದಲ್ಲಿ ತೆರೆಗೆ ತಂದರು. ಸಂಗೀತಗಾರನ ಕಥೆ ಸಿನಿಮಾ ಆದಾಗ ಹಾಡುಗಾರಿಕೆಯನ್ನೂ ಕಥನವನ್ನೂ ತೂಗಿ ನೋಡಲು ಒಳ್ಳೆಯ ಜೋಡಿಯಿದು.

ಮೊದಲು ಕೇಳಿಕೊಳ್ಳಬೇಕಾದ್ದು, ಹಾಡನ್ನು ತೆಗೆದರೆ ಕಥೆಗೆ ನಷ್ಟವಿದೆಯೇ ಎಂದು. ಹಿಂದಿ ಚಿತ್ರದ ಸ್ಪರ್ಧೆಯ ಹಾಡನ್ನೇ ನೋಡಿ. ಒಂದು ಕಡೆ ಪಂಡಿತ್ ಭೀಮಸೇನ ಜೋಶಿ, ಇನ್ನೊಂದು ಕಡೆ ನಾಯಕ ಭರತ್ ಭೂಷಣ್‌ಗೆ ದನಿಯಾದ ಮನ್ನಾ ಡೇ. ಕಥೆಯ ಪ್ರಕಾರ ನಾಯಕ ಗೆಲ್ಲಬೇಕು, ಅಂದರೆ ನಮ್ಮ ಗದಗ ಸೀಮೆಯ ಭೀಮಸೇನರು ಸೋಲಬೇಕು! ಅವರೆದುರು ಹಾಡಲು ಮನ್ನಾ ಡೇ ಅವರೇ ಅಂಜಿದ್ದರು. ಮಾತಿನ ಹಂಗಿಲ್ಲದೆ ಕಥೆ ಹಾಡಿನೊಳಗೇ ತಿರುವು ಪಡೆಯುವುದು ಇಲ್ಲಿಯ ಹೆಚ್ಚುಗಾರಿಕೆ. ತೀರ್ಪನ್ನು ಮಾತ್ರ ನನ್ನ ಕಿವಿ ಇಂದಿಗೂ ಒಪ್ಪಿಲ್ಲ, ಬಿಡಿ.

ಎರಡನೆಯದು ಮುಖಕ್ಕೂ ಕಂಠಕ್ಕೂ ಇರುವ ನಂಟು. 'ಹಂಸಗೀತೆ'ಯಲ್ಲಿ ಮೂವತ್ತು ದಾಟದ ಅನಂತ ನಾಗ್‌ಗೆ 45ರ ಆಸುಪಾಸಿನ ಡಾ. ಬಾಲಮುರಳಿಕೃಷ್ಣರ ಕಂಠ. ರಾಷ್ಟ್ರಪ್ರಶಸ್ತಿ ತಂದ ಗಾಯನವದು. ಪ್ರಶಸ್ತಿಯ ಮಾತು ಹಾಗಿರಲಿ, ಹುಡುಗನ ಮುಖಕ್ಕೆ ಅಷ್ಟು ಪಳಗಿದ ದನಿ ಹೊಂದೀತೇ? ನನಗೆ ಹೊಂದಿದೆ ಅನ್ನಿಸುತ್ತದೆ. ವಿದ್ಯೆ ತಂದ ಹಟ ಆ ದನಿಯಲ್ಲೇ ಕೇಳಿಸುತ್ತದೆ.

ಆ ಹಟವೇ ಕಥೆಯ ಜೀವ. ಅರಸನ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡವನು ಭೈರವಿ ವೆಂಕಟಸುಬ್ಬಯ್ಯ. ಅಲ್ಲಿಯವರೆಗೆ ನಾವು ಮನಸಾರೆ ಕೇಳಿರದಿದ್ದರೆ ಆ ಮೌನ ನಮಗೆ ತಟ್ಟುವುದೇ ಇಲ್ಲ. ಕಳೆದುಹೋದದ್ದು ಏನೆಂದು ಗೊತ್ತಿರಬೇಕಲ್ಲ! ಹಾಡು ಯಾರ ಸೊತ್ತು ಎಂಬ ಪ್ರಶ್ನೆಯನ್ನು ಕನ್ನಡ ಚಿತ್ರ ಎದೆಗೆ ನೇರವಾಗಿ ಒಡ್ಡುತ್ತದೆ. ಹಿಂದಿಯದು ಪ್ರೇಮಕಥೆಯತ್ತ ವಾಲಿತು. ಹಾಡುಗಳು ಮನೆಮಾತಾದವು, ಪ್ರಶ್ನೆ ಮೆತ್ತಗಾಯಿತು.

ಬಿಡುವಾದಾಗ ಎರಡನ್ನೂ ಹುಡುಕಿ. ಒಂದು ಹಾಡನ್ನು ಮೊದಲು ಕಣ್ಣು ಮುಚ್ಚಿ ಕೇಳಿ, ಆಮೇಲೆ ದನಿ ಪೂರ್ತಿ ಇಳಿಸಿ ಬರೀ ಚಿತ್ರ ನೋಡಿ. ಯಾವುದರಲ್ಲಿ ಏನು ಕೊರೆಯಾಯಿತೆಂದು ನಮಗೊಂದು ಕಾರ್ಡು ಬರೆಯಿರಿ.