ಸಕ್ಕರೆ ಕಾಯಿಲೆಯವರ ಊದಿದ ಮಂಡಿ: ಬರೀ ವಾತವೆಂದು ಕೂರಬೇಡಿ

ನಮ್ಮ ನೆರೆಮನೆಯ ಉಮ್ಮನಿಗೆ 62 ವರ್ಷ. ಸಕ್ಕರೆ ಕಾಯಿಲೆ ಬಂದು 15 ವರ್ಷಗಳಾಗಿವೆ. ಮಾತ್ರೆ ತಪ್ಪಿಸುವವರಲ್ಲ; ಸಂಜೆಯ ಸಿಹಿ ಚಹಾ ಬಿಡುವವರೂ ಅಲ್ಲ. ಒಂದು ದಿನ ಸುಬಹಿ ನಮಾಝಿನಲ್ಲಿ ಸುಜೂದಿಗೆ ಹೋಗುವಾಗ ಅವರ ಬಲ ಮಂಡಿ ಬಗ್ಗಲೇ ಇಲ್ಲ. ಝುಹರ್ ಹೊತ್ತಿಗೆ ಕುರ್ಚಿ ಹಾಕಿಕೊಂಡರು. ಮಂಡಿ ಊದಿತ್ತು, ಮುಟ್ಟಿದರೆ ಬಿಸಿಯಿತ್ತು. ಮನೆಯವರು ನೋವಿನ ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಟ್ಟರು. ದಮ್ಮಾಮಿನಲ್ಲಿರುವ ಮಗ ಫೋನಿನಲ್ಲಿ, "ಉಮ್ಮಾ, ಗಂಟು ನೋವು ನಿಮಗೆ ಹೊಸತಲ್ಲವಲ್ಲ. ಮುಂದಿನ ತಿಂಗಳು ನಾನು ಬರ್ತೇನಲ್ಲ, ದೊಡ್ಡ ಡಾಕ್ಟರಿಗೆ ತೋರಿಸುವ" ಎಂದ. ಅವನನ್ನು ದೂರುವಂತಿಲ್ಲ. ಮಂಡಿ ನೋವಿಗೆ ಯಾರು ಆಸ್ಪತ್ರೆಗೆ ಓಡುತ್ತಾರೆ?

ನಾಲ್ಕನೆಯ ದಿನ ಉಮ್ಮನಿಗೆ ಚಳಿ ನಡುಕ ಹತ್ತಿತು. ಮನೆಯಲ್ಲಿದ್ದ ಯಂತ್ರ ಸಕ್ಕರೆ 380 ತೋರಿಸಿತು. ಆಸ್ಪತ್ರೆಯಲ್ಲಿ ಮಂಡಿಗೆ ಸೂಜಿ ಹಾಕಿದಾಗ ಹೊರಬಂದದ್ದು ಕೀವು. ಇದು ಎಲ್ಲಿಂದ ಬಂತೆಂದು ಹುಡುಕಿದ ವೈದ್ಯರು ಕೊನೆಗೆ ಅದೇ ಕಾಲಿನ ಕಿರುಬೆರಳ ಸಂದಿನಲ್ಲಿ ಬಿರಿದಿದ್ದ ಚರ್ಮವನ್ನು ತೋರಿಸಿದರು. ಅಲ್ಲೊಂದು ಗಾಯ ಇದೆಯೆಂದೇ ಉಮ್ಮನಿಗೆ ಗೊತ್ತಿರಲಿಲ್ಲ. ಮಂಡಿಯ ಒಳಗನ್ನು ತೊಳೆದರು. ಎರಡು ವಾರ ರಕ್ತನಾಳದ ಮೂಲಕ ಔಷಧಿ, ನಂತರ ನಾಲ್ಕು ವಾರ ಮಾತ್ರೆ. ಜೀವ ಉಳಿಯಿತು. ಮಂಡಿ ಮಾತ್ರ ಈಗ ಪೂರ್ತಿ ಮಡಚುವುದಿಲ್ಲ. ಕುರ್ಚಿ ನಮಾಝಿನ ಚಾಪೆಯ ಪಕ್ಕದಲ್ಲೇ ಉಳಿದಿದೆ.

ಗಂಟು ನೋವು ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದರಲ್ಲಿ ಬೇರೆ ಬೇರೆ ಬಗೆಗಳಿವೆ ಎಂಬುದನ್ನೇ ನಾವು ಮರೆತಿದ್ದೇವೆ. 2006ರಲ್ಲಿ ಚಿಕುನ್‌ಗುನ್ಯಾ ನಮ್ಮ ರಾಜ್ಯವನ್ನು ಹಿಡಿದು ಅಲುಗಾಡಿಸಿದ ಮೇಲಂತೂ "ಸ್ವಲ್ಪ ದಿನ ತಾಳಿಕೊಂಡರೆ ಹೋಗುತ್ತದೆ" ಎಂಬ ಮಾತು ಗಟ್ಟಿಯಾಯಿತು. ಆದರೆ ಚಿಕುನ್‌ಗುನ್ಯಾದ ನೋವು ಕೈ ಬೆರಳು, ಮಣಿಕಟ್ಟು, ಪಾದದ ಕೀಲು ಹೀಗೆ ಹಲವು ಗಂಟುಗಳಲ್ಲಿ, ಹೆಚ್ಚಾಗಿ ಎರಡೂ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸವೆತದ ನೋವು ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ. ಒಂದೇ ಒಂದು ಗಂಟು, ಒಂದೆರಡು ದಿನಗಳಲ್ಲಿ, ಬಿಸಿಯಾಗಿ ಊದಿಕೊಂಡು, ಅಲುಗಾಡಿಸಲೂ ಬಿಡದಷ್ಟು ನೋವಾದರೆ ಅದು ಬೇರೆಯೇ ವಿಷಯ. ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಇಂಥ ಗಂಟನ್ನು, ಸೋಂಕು ಅಲ್ಲವೆಂದು ಸಾಬೀತಾಗುವವರೆಗೆ, ಸೋಂಕೆಂದೇ ಭಾವಿಸಬೇಕು ಎಂದು ವೈದ್ಯರಿಗೆ ಕಲಿಸಲಾಗುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ನೋವು ಇದು.

ಕೀವು ಗಂಟಿನೊಳಗೆ ಹೋದದ್ದು ಹೇಗೆ?

ಎರಡು ಮೂಳೆ ಕೂಡುವ ಜಾಗವನ್ನು ಒಂದು ಚೀಲ ಸುತ್ತಿಕೊಂಡಿದೆ. ಅದರ ಒಳಪೊರೆ ಜಾರುವ ದ್ರವವನ್ನು ಸ್ರವಿಸುತ್ತದೆ. ಈ ಪೊರೆಯಲ್ಲಿ ರಕ್ತನಾಳಗಳು ಧಾರಾಳವಾಗಿವೆ, ಆದರೆ ಬೇರೆಡೆ ಇರುವಂಥ ತಡೆಪದರ ಇಲ್ಲಿಲ್ಲ. ರಕ್ತದಲ್ಲಿ ತೇಲಿ ಬಂದ ಬ್ಯಾಕ್ಟೀರಿಯಾಕ್ಕೆ ಇದು ತೆರೆದ ಬಾಗಿಲು. ಹೆಚ್ಚಿನ ಸಂದರ್ಭಗಳಲ್ಲಿ ಒಳನುಗ್ಗುವುದು ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅದು ಎಲ್ಲಿಂದಲೋ ಬರುವುದಲ್ಲ, ಅನೇಕರ ಚರ್ಮ ಮತ್ತು ಮೂಗಿನಲ್ಲಿ ವಾಸಿಸುವುದೇ. ಕಾಲಿನ ಬಿರುಕು, ಕುರು, ಮೂತ್ರದ ಸೋಂಕು, ಡಯಾಲಿಸಿಸ್‌ಗಾಗಿ ಕುತ್ತಿಗೆಗೆ ಹಾಕಿದ ನಳಿಕೆ ಇವೆಲ್ಲ ರೋಗಾಣುಗಳು ರಕ್ತಕ್ಕೆ ಇಳಿಯುವ ದಾರಿಗಳು.

ಆರೋಗ್ಯವಂತರಲ್ಲಿ ಬಿಳಿ ರಕ್ತಕಣಗಳು ಅವನ್ನು ದಾರಿಯಲ್ಲೇ ಮುಗಿಸಿಬಿಡುತ್ತವೆ. ಸಕ್ಕರೆ ಏರಿದ ರಕ್ತದಲ್ಲಿ ಅದೇ ಕಣಗಳು ಮಂಕಾಗುತ್ತವೆ. ಕಿಡ್ನಿ ಸೋತವರು, ಲಿವರ್ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಆಮವಾತಕ್ಕೆ ಸ್ಟೀರಾಯ್ಡ್ ನುಂಗುವವರು, ಕೃತಕ ಮಂಡಿ ಹಾಕಿಸಿಕೊಂಡವರು, 80 ದಾಟಿದವರು ಇದೇ ಸಾಲಿನಲ್ಲಿದ್ದಾರೆ. ಒಳಗೆ ಕೀವು ತುಂಬಿದ ಮೇಲೆ ಮೂಳೆಯ ತುದಿಯನ್ನು ಕಾಯುವ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ. ಕರಗಿದ್ದು ಮತ್ತೆ ಬೆಳೆಯುವುದಿಲ್ಲ. ಸೋಂಕು ರಕ್ತದಲ್ಲಿ ಹರಡಿದರೆ ಪ್ರಾಣಾಪಾಯ: ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಇದರಿಂದ ಬದುಕುಳಿಯುವುದಿಲ್ಲ ಎನ್ನುತ್ತದೆ ವೈದ್ಯಲೋಕದ ಅನುಭವ.

ಆಮವಾತದವರು ಮೋಸ ಹೋಗುವುದು ಬೇರೆ ರೀತಿಯಲ್ಲಿ. ಅವರಿಗೆ ಗಂಟು ಊದುವುದು ದಿನನಿತ್ಯದ ಕತೆ. "ಹಳೆಯ ಕಾಯಿಲೆಯೇ ಕೆರಳಿದೆ" ಎಂದುಕೊಂಡು ಸ್ಟೀರಾಯ್ಡ್ ಮಾತ್ರೆಯನ್ನು ಒಂದಕ್ಕೆ ಎರಡು ಮಾಡಿಬಿಡುತ್ತಾರೆ. ಉಳಿದ ಗಂಟುಗಳು ಸುಮ್ಮನಿದ್ದು ಒಂದು ಮಾತ್ರ ಕೆರಳಿದರೆ ಆ ಒಂದನ್ನು ಅನುಮಾನಿಸಬೇಕು.

ಸೂಜಿಗೆ ಹೆದರುವುದೇಕೆ?

ಸೋಂಕು ಹೌದೋ ಅಲ್ಲವೋ ಎಂದು ಹೇಳಬಲ್ಲದ್ದು ಗಂಟಿನೊಳಗಿನ ನೀರು ಮಾತ್ರ. ಮೊದಲ ದಿನಗಳಲ್ಲಿ ಎಕ್ಸ್‌ರೇ ಏನನ್ನೂ ತೋರಿಸದೇ ಇರಬಹುದು. ಸೋಂಕಿದ್ದವರಲ್ಲೂ ಅರ್ಧದಷ್ಟು ಮಂದಿಗೆ ಜ್ವರ ಇರುವುದಿಲ್ಲ, ವಯಸ್ಸಾದವರಿಗೂ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಇನ್ನೂ ಕಡಿಮೆ. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತ ಪರೀಕ್ಷೆಗಳು ದೇಹದಲ್ಲಿ ಎಲ್ಲೋ ಉರಿಯೂತ ಇದೆ ಎನ್ನುತ್ತವೆಯೇ ಹೊರತು ಅದು ಏನೆಂದು ಹೇಳುವುದಿಲ್ಲ. ಕಾರಣವಿಲ್ಲದೆ ದಿಢೀರನೆ ಏರಿದ ಸಕ್ಕರೆ ಒಂದು ಸುಳಿವು. ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ.

ಚರ್ಮವನ್ನು ಶುಚಿಗೊಳಿಸಿ, ಮರಗಟ್ಟಿಸಿ, ಸೂಜಿಯಿಂದ ಒಂದಷ್ಟು ನೀರು ಎಳೆಯಲು ಕೆಲವು ನಿಮಿಷ ಸಾಕು. ಸಹಜವಾದ ನೀರು ಮೊಟ್ಟೆಯ ಬಿಳಿಯಂತೆ ಅಂಟಂಟಾಗಿ ತಿಳಿಯಾಗಿರುತ್ತದೆ. ಅದರ ಒಂದು ಘನ ಮಿಲಿಮೀಟರಿನಲ್ಲಿ ಬಿಳಿ ರಕ್ತಕಣಗಳು 200ಕ್ಕಿಂತ ಕಡಿಮೆ. ಸೋಂಕಿದ್ದರೆ ನೀರು ಕದಡಿ ಈ ಸಂಖ್ಯೆ ಬಹುಪಾಲು 50,000 ದಾಟುತ್ತದೆ, ಆದರೆ ರೋಗ ನಿರೋಧಕ ಶಕ್ತಿ ಕುಂದಿದವರಲ್ಲಿ ಅಷ್ಟು ಏರದಿರಲೂಬಹುದು. ಉಳಿದ ನೀರನ್ನು ಪ್ರಯೋಗಾಲಯದಲ್ಲಿ ಕಲ್ಚರ್‌ಗೆ ಇಟ್ಟು ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಅದು ಸಾಯುತ್ತದೆಂದು ನೋಡುತ್ತಾರೆ. ಇದಕ್ಕೆ ಎರಡು ಮೂರು ದಿನ ಬೇಕು. ಮನೆಯಲ್ಲಿ ಮೊದಲೇ ನಾಲ್ಕು ಆಂಟಿಬಯೋಟಿಕ್ ಗುಳಿಗೆ ನುಂಗಿ ಹೋದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಸರಿಯಾದ ಔಷಧಿ ಆರಿಸುವ ದಾರಿಯೇ ಮುಚ್ಚಿಹೋಗಬಹುದು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಗುಳಿಗೆ ಮಾಡುವ ದೊಡ್ಡ ಕೇಡು ಇದು.

"ಒಮ್ಮೆ ನೀರು ತೆಗೆಸಿದರೆ ಮತ್ತೆ ಮತ್ತೆ ತುಂಬುತ್ತದೆ" ಎಂದು ಹೆದರಿಸುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ನೀರು ತುಂಬುವುದು ಒಳಗಿನ ಕಾಯಿಲೆಯಿಂದ, ಸೂಜಿಯಿಂದಲ್ಲ. ಸೋಂಕಿನಲ್ಲಂತೂ ಕೀವನ್ನು ಹೊರತೆಗೆಯುವುದೇ ಚಿಕಿತ್ಸೆಯ ಅರ್ಧ ಭಾಗ. ಕೃತಕ ಮಂಡಿ ಇರುವವರು ಮಾತ್ರ ಸಣ್ಣ ಕ್ಲಿನಿಕ್‌ಗಳಲ್ಲಿ ಸೂಜಿ ಹಾಕಿಸಿಕೊಳ್ಳದೆ, ಆಪರೇಷನ್ ಮಾಡಿದ ಮೂಳೆ ವೈದ್ಯರ ಬಳಿಗೇ ಹೋಗಬೇಕು. ಆಪರೇಷನ್ ಆಗಿ ಹತ್ತು ವರ್ಷ ಕಳೆದಿದ್ದರೂ ಸರಿಯೇ.

ನಮ್ಮ ಹೆಂಗಸರಿಗೆ ಇನ್ನೊಂದು ಹಿಂಜರಿಕೆ ಇದೆ: ಮಂಡಿಯನ್ನು ಗಂಡಸು ಡಾಕ್ಟರಿಗೆ ತೋರಿಸುವುದು. ಮಹಿಳಾ ವೈದ್ಯರು ಇದ್ದಾರೆಯೇ ಎಂದು ಕೇಳಿ, ಮಗಳನ್ನೋ ಸೊಸೆಯನ್ನೋ ಜೊತೆಗಿರಿಸಿಕೊಳ್ಳಿ, ಬೇಕಾದಷ್ಟು ಭಾಗವನ್ನು ಮಾತ್ರ ತೆರೆಯಲು ಹೇಳಿ. ಇದಾವುದಕ್ಕೂ ಆಸ್ಪತ್ರೆಯವರು ಬೇಸರಿಸುವುದಿಲ್ಲ. ಗಂಡನೋ ಮಗನೋ ಗಲ್ಫಿನಿಂದ ಒಪ್ಪಿಗೆ ಕೊಡಲೆಂದು ಕಾಯುವುದು ಮಾತ್ರ ಬೇಡ.

ಸೋಂಕಿನ ವೇಷದಲ್ಲಿ ಬರುವವು

ಕಿಡ್ನಿ ಕಾಯಿಲೆಯವರಲ್ಲಿ ಗೌಟ್ ಹೀಗೆಯೇ ಬರುತ್ತದೆ. ಯೂರಿಕ್ ಆಮ್ಲದ ಹೆಚ್ಚಿನ ಪಾಲು ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸೋತಾಗ, ಇಲ್ಲವೇ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವಾಗ ಅದು ಉಳಿದು ಗಂಟಿನಲ್ಲಿ ಹರಳಾಗುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ ಹೊದಿಕೆ ತಾಗಿದರೂ ಕೂಗುವಷ್ಟು ನೋವು. ನೋವು ಏರಿದ ಹೊತ್ತಿನಲ್ಲಿ ರಕ್ತದ ಯೂರಿಕ್ ಆಮ್ಲ ಸಹಜ ಮಟ್ಟದಲ್ಲೇ ಇರಬಹುದು. ಯೂರಿಕ್ ಆಮ್ಲ ಹೆಚ್ಚಿದೆಯೆಂದ ಮಾತ್ರಕ್ಕೆ ಸೋಂಕಿಲ್ಲ ಎಂದೂ ಅಲ್ಲ. ಸೂಕ್ಷ್ಮದರ್ಶಕದಲ್ಲಿ ಸೂಜಿಯಾಕಾರದ ಹರಳು ಕಂಡರೆ ಅದು ಗೌಟ್. ಅಪರೂಪಕ್ಕೆ ಒಂದೇ ಗಂಟಿನಲ್ಲಿ ಹರಳು, ರೋಗಾಣು ಎರಡೂ ಸಿಗುವುದುಂಟು.

ಸಕ್ಕರೆಯವರ ಪಾದದ ಕತೆ ಇನ್ನೂ ವಿಚಿತ್ರ. ವರ್ಷಗಳ ಸಕ್ಕರೆಯಿಂದ ನರಗಳು ಮರಗಟ್ಟಿದ ಪಾದ ಒಂದು ದಿನ ಕೆಂಪಾಗಿ, ಬಿಸಿಯಾಗಿ ಊದುತ್ತದೆ. ನೋವು ಅಷ್ಟಿಲ್ಲ, ಗಾಯವೂ ಇಲ್ಲ. ಒಳಗೆ ಸಣ್ಣ ಮೂಳೆಗಳು ಮುರಿದು ಕೀಲುಗಳು ಜಾರುತ್ತಿರುತ್ತವೆ. ನೋವಿಲ್ಲದ್ದರಿಂದ ರೋಗಿ ಅದರ ಮೇಲೆಯೇ ನಡೆಯುತ್ತಿರುತ್ತಾನೆ. ಫ್ರಾನ್ಸಿನ ಷಾರ್ಕೋ ಎಂಬ ವೈದ್ಯರು 1868ರಲ್ಲಿ ಬೇರೊಂದು ನರರೋಗದಲ್ಲಿ ಈ ಬಗೆಯ ಕೀಲು ನಾಶವನ್ನು ವಿವರಿಸಿದರು. ಮಧುಮೇಹದಲ್ಲಿ ಅದನ್ನು ಗುರುತಿಸಿದ್ದು 1936ರಲ್ಲಿ. ಇವತ್ತಿಗೂ ಇದನ್ನು ಸೋಂಕೆಂದು ತಿಳಿದು ಬರೀ ಆಂಟಿಬಯೋಟಿಕ್ ಕೊಡುವುದಿದೆ. ಬೇಕಾದದ್ದು ಪಾದಕ್ಕೆ ಪಟ್ಟು ಹಾಕಿ ಭಾರ ಇಳಿಸುವುದು. ಪಾದದಲ್ಲಿ ಹುಣ್ಣಿದ್ದು, ಅದರೊಳಗೆ ಇಳಿಸಿದ ಕಡ್ಡಿ ಗಟ್ಟಿ ಮೂಳೆಗೆ ತಾಗಿದರೆ ಮಾತ್ರ ಮೂಳೆಗೇ ಸೋಂಕು ತಲುಪಿದೆಯೆಂದು ವೈದ್ಯರು ಬಲವಾಗಿ ಶಂಕಿಸುತ್ತಾರೆ.

ನಿಧಾನವಾಗಿ ಬರುವ ಸೋಂಕುಗಳೂ ಇವೆ. ತಿಂಗಳುಗಟ್ಟಲೆ ಒಂದೇ ಮಂಡಿ ಅಥವಾ ಸೊಂಟದ ಕೀಲು ಊದಿ, ತೂಕ ಇಳಿಯುತ್ತಿದ್ದರೆ ಕ್ಷಯ ಇರಬಹುದು. ಕೆಮ್ಮು ಇರಲೇಬೇಕೆಂದಿಲ್ಲ. ಇದಕ್ಕೆ ಗಂಟಿನ ಒಳಪೊರೆಯ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಔಷಧಿ ಸರಕಾರದಿಂದ ಉಚಿತ. ಕಾಯಿಸದ ಹಾಲು ಕುಡಿದವರು, ಆಡು ದನಗಳ ಹೆರಿಗೆಗೆ ಕೈ ಹಾಕಿದವರು ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ನೋವಿನಿಂದ ನರಳಿದರೆ ಬ್ರುಸೆಲ್ಲೋಸಿಸ್ ಪರೀಕ್ಷೆ ಮಾಡಿಸಬೇಕು. ಹಾಲಿನ ವಿಷಯವನ್ನು ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಬರೆಯಲೇಬೇಕಾದ ಮಾತೊಂದಿದೆ. ಚೀಟಿಯಿಲ್ಲದ ಪೊಟ್ಟಣದಲ್ಲಿ ಬರುವ "ವಾತದ ಪುಡಿ"ಯಿಂದ ಎರಡೇ ದಿನದಲ್ಲಿ ಮಂಡಿ ಹಗುರವಾದರೆ ಸಂಶಯಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಎಷ್ಟೋ ಬಾರಿ ಪತ್ತೆಯಾಗಿದೆ. ಅದು ನೋವನ್ನು ಮುಚ್ಚುತ್ತದೆ, ಸಕ್ಕರೆ ಏರಿಸುತ್ತದೆ, ಸೋಂಕನ್ನು ಬೆಳೆಯಲು ಬಿಡುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಸೋತ ಕಿಡ್ನಿಯನ್ನು ಮತ್ತಷ್ಟು ಸೋಲಿಸುತ್ತದೆ. ಊದಿದ ಬಿಸಿ ಗಂಟನ್ನು ತಿಕ್ಕಿಸಿಕೊಳ್ಳಲೂಬೇಡಿ.

ಆಸ್ಪತ್ರೆಗೆ ಹೋಗುವಾಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಚೀಲ ಜೊತೆಗಿರಲಿ, ಆ ಪುಡಿಯ ಪೊಟ್ಟಣವೂ. ನೋವು ಯಾವ ದಿನ ಶುರುವಾಯಿತು, ಇತ್ತೀಚೆಗೆ ಗಂಟಿಗೆ ಇಂಜೆಕ್ಷನ್ ಹಾಕಿಸಿದ್ದೀರಾ, ಮೈಯಲ್ಲಿ ಎಲ್ಲಾದರೂ ಕುರು ಅಥವಾ ಗಾಯ ಇದೆಯಾ ಎಂಬುದನ್ನು ಮೊದಲೇ ಹೇಳಿ. "ಗಂಟಿನ ನೀರು ಪರೀಕ್ಷೆ ಮಾಡಬೇಕಾ?" ಎಂದು ಕೇಳಲು ಸಂಕೋಚ ಬೇಡ.

ಇನ್ನು ಕಾಲಬೆರಳ ಸಂದಿನ ವಿಷಯ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಾವು ಪಾದ ತೊಳೆಯುವುದರಲ್ಲಿ ಹಿಂದೆ ಬೀಳುವವರಲ್ಲ, ಒರೆಸುವುದರಲ್ಲಿ ಹಿಂದೆ. ಒದ್ದೆ ಉಳಿದ ಸಂದಿನಲ್ಲಿ ಚರ್ಮ ಬೆಳ್ಳಗಾಗಿ ಮೆತ್ತಗಾಗಿ ಬಿರಿಯುತ್ತದೆ. ನೆರೆಮನೆಯ ಉಮ್ಮನ ಬಚ್ಚಲ ಬಾಗಿಲಿಗೆ ಈಗ ಪಾದಕ್ಕೆಂದೇ ಒಂದು ಹತ್ತಿ ಬಟ್ಟೆ ನೇತು ಹಾಕಿದ್ದಾರೆ. ಅವರಿಗೆ ಬಗ್ಗಿ ನೋಡಲಾಗುವುದಿಲ್ಲ, ಹಾಗಾಗಿ ಇಶಾ ಆದ ಮೇಲೆ ಮೊಮ್ಮಗಳು ಮೊಬೈಲಿನ ಟಾರ್ಚ್ ಹಾಕಿ ಬೆರಳು ಬೆರಳನ್ನೂ ಬಿಡಿಸಿ ನೋಡುತ್ತಾಳೆ. ಕಳೆದ ವಾರ ಹಿಮ್ಮಡಿಯಲ್ಲಿ ಒಂದು ಸಣ್ಣ ಸೀಳು ಕಂಡಿತಂತೆ. ಮರುದಿನ ಬೆಳಿಗ್ಗೆಯೇ ತೋರಿಸಿ ಬಂದರು.