ನಿಮಗಿದು ಗೊತ್ತೇ? ಬಾಗಲಕೋಟೆ ಸೀಮೆಯಲ್ಲಿ ಮನೆ ಕೊಳ್ಳುವವರಿಗೆ, ಮಾರುವವರಿಗೆ

● ಆಲಮಟ್ಟಿ ಅಣೆಕಟ್ಟೆಗೆ 1964ರ ಮೇ 22ರಂದು ಅಡಿಗಲ್ಲು ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ. ಆಗಿನ್ನೂ ಅವರು ಪ್ರಧಾನಿಯಾಗಿರಲಿಲ್ಲ. ಅದರ ಹಿನ್ನೀರಿನಿಂದಾಗಿ ಬಾಗಲಕೋಟೆಯಲ್ಲಿ ಇಂದಿಗೂ ಪ್ಲಾಟು ನೋಡುವವರ ಮೊದಲ ಪ್ರಶ್ನೆ: ‘ಮುಳುಗಡೆಗೆ ಬರ್ತದೇನ್ರಿ?’

● ಮುಳುಗಡೆಯಿಂದ ಎದ್ದುಬಂದವರಿಗಾಗಿ ಕಟ್ಟಿದ ನವನಗರದ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿದೆ. ಇಲ್ಲಿ ಓಣಿಯ ಹೆಸರು ಕೇಳಿದರೆ ಸಾಲದು, ಸೆಕ್ಟರ್ ನಂಬರ್ ಬೇಕು.

● ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲುವುದು 519.60 ಮೀಟರ್‌ವರೆಗೆ. ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ ಒಪ್ಪಿದ ಮಟ್ಟ 524.256 ಮೀಟರ್. ನಡುವಿನ ಅಂತರ ಸುಮಾರು ಹದಿನೈದು ಅಡಿ. ಹಿನ್ನೀರಿನ ದಂಡೆಯ ಆಸ್ತಿಯ ಹಣೆಬರಹ ಈ ಹದಿನೈದು ಅಡಿಯಲ್ಲಿದೆ.

● ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಜಮೀನಿಗೆ ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಗೊತ್ತುಮಾಡಿದ ದರ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ. ಅದು ಪರಿಹಾರದ ದರ. ಮುಳುಗದ ಪಕ್ಕದ ಹೊಲಕ್ಕೂ ಅದೇ ರೇಟು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

● ಬಾದಾಮಿಯಲ್ಲಿ ಅಳೆಯಬೇಕಾದದ್ದು ನೀರಲ್ಲ, ಗುಡಿ-ಗುಹೆಗಳ ದೂರ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. 2010ರ ಕಾಯ್ದೆ ತಿದ್ದುಪಡಿಯ ಫಲವಿದು. ಅಗ್ಗಕ್ಕೆ ಸಿಕ್ಕ ಹಳೇ ಮನೆಯ ಮೇಲೆ ಮಾಳಿಗೆ ಏರಿಸುವ ಆಸೆಯಿದ್ದರೆ ಮೊದಲು ಟೇಪು ಹಿಡಿಯಿರಿ.

● ಐಹೊಳೆಯ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಒಂದು ಕಾಲಕ್ಕೆ ಅದನ್ನೇ ಮನೆ ಮಾಡಿಕೊಂಡಿದ್ದವನಿಂದ. ಖರೀದಿಪತ್ರವಿಲ್ಲದೆ ಇಷ್ಟು ಹೆಸರು ಮಾಡಿದ ನಿವಾಸಿ ಈ ಸೀಮೆಯಲ್ಲಿ ಇನ್ನೊಬ್ಬನಿರಲಾರ.

● ಇಳಕಲ್ಲಿನ ಕೆಂಪು ಗ್ರಾನೈಟ್ ಪರದೇಶಕ್ಕೂ ಹೋಗುತ್ತದೆ. ಊರಿನ ನೇಕಾರರ ಹಳೇ ಮನೆಗಳಲ್ಲಿ ಕುಣಿಮಗ್ಗಕ್ಕೆಂದು ನೆಲವನ್ನೇ ತೋಡಿರುತ್ತಾರೆ. ಕೊಳ್ಳುವವ ನೇಕಾರನಾದರೆ ಆ ಕುಣಿ ಅನುಕೂಲ, ಅಲ್ಲದಿದ್ದರೆ ಮುಚ್ಚಿಸುವ ಖರ್ಚು.

● 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಖರೀದಿ ನೋಂದಾಯಿಸಬಹುದು. ಇಳಕಲ್ಲಿನ ಮನೆಗೆ ಬಾದಾಮಿಯಲ್ಲಿ ಸಹಿ ಹಾಕಿದರೂ ನಡೆಯುತ್ತದೆ. ಆದರೆ ಪಟ್ಟಣದ ಆಸ್ತಿಗೆ ಇ-ಖಾತಾ ಇಲ್ಲದಿದ್ದರೆ ಎಲ್ಲಿಗೆ ಹೋದರೂ ಕೆಲಸವಾಗದು.

● 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದೆ. ಮುದ್ರಾಂಕ, ಸೆಸ್, ಸರ್ಚಾರ್ಜ್ ಕೂಡಿಸಿದರೆ ಪಟ್ಟಣದಲ್ಲಿ ಶೇ. 7.6. ಅಂದರೆ 30 ಲಕ್ಷದ ಮನೆಗೆ 2.28 ಲಕ್ಷ ರೂಪಾಯಿ ಬೇರೆ ತೆಗೆದಿಡಬೇಕು. ಲೆಕ್ಕ ಹಾಕುವುದು ಮಾತಾಡಿದ ಬೆಲೆ, ಸರ್ಕಾರಿ ಮಾರ್ಗಸೂಚಿ ದರ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ.

● ಮನೆ ಮಾರುವಾಗ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಸಂಚಕಾರವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಕೊಟ್ಟವನಿಗಲ್ಲ, ಇಸಿದುಕೊಂಡವನಿಗೆ!

● ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವನೇ ಶೇ. 1 ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ‘ರೊಕ್ಕ ಕಡಿಮೆ ಬಂತು’ ಎಂದು ಜಗಳಕ್ಕೆ ಹೋಗಬೇಕಿಲ್ಲ. ಅದು ಅವರ ತೆರಿಗೆ ಲೆಕ್ಕಕ್ಕೇ ಜಮೆಯಾಗುತ್ತದೆ.

● ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದ್ದರಿಂದ ಹುನಗುಂದದ ಹಿರಿಯರ ಮನೆ ಕೊಳ್ಳುವ ಮುಂಚೆ ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಕೊಟ್ಟ ಅಕ್ಕತಂಗಿಯರ ಸಹಿ ಆಗಿದೆಯೇ ಎಂದು ಕೇಳಿ. ಗೋಡೆ ಬಿರುಕು ಬಿಟ್ಟರೆ ಗೌಂಡಿ ಮುಚ್ಚುತ್ತಾನೆ. ಬಿಟ್ಟುಹೋದ ಸಹಿಗೆ ವಕೀಲರೇ ಬೇಕು.