ಅಟ್ಟದ ತಂಬಿಗೆ, ನೀಲಿ ದ್ರಾಕ್ಷಿ

ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂತವರಿಗೆಲ್ಲ ಸ್ಟಿಲ್ ಲೈಫ್ ಗೊತ್ತು. ಸ್ಟೂಲಿನ ಮೇಲೆ ಹಾಸಿದ ಬಟ್ಟೆ, ಒಂದು ಹೂಜಿ, ಪಕ್ಕದಲ್ಲಿ ಎರಡು ಬದನೆಕಾಯಿ. ಬೆಳಕು ಯಾವ ಕಡೆಯಿಂದ, ನೆರಳು ಯಾವ ಕಡೆಗೆ ಎಂದು ನೋಡಿಕೊಂಡು ಶೇಡಿಂಗ್ ಮುಗಿಸಿದರೆ ಅಂಕ ಸಿಗುತ್ತದೆ. ಆ ಹೂಜಿ ಯಾರ ಮನೆಯದು, ಅದರ ಕಂಠ ಬಿರುಕು ಬಿಟ್ಟದ್ದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ವಸ್ತುಚಿತ್ರ ಶುರುವಾಗಬೇಕಾದದ್ದೇ ಆ ಪ್ರಶ್ನೆಯಿಂದ. ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಂಥ ಊರಿನಲ್ಲಂತೂ ಬೇರೆ ದಾರಿಯೇ ಉಳಿದಿಲ್ಲ.

ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಚಿತ್ರಕಾರ ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಮರಗಳನ್ನೂ ಹೂಗಳನ್ನೂ ಅವುಗಳ ಎದುರೇ ಕೂತು ಬರೆದರು. ಅವರ ಪುಣ್ಯ, ಎದುರಿಗೆ ಮರ ಇತ್ತು. ಜಕ್ಕೂರಿನಲ್ಲಿ ಬಾಲ್ಯ ಕಳೆದವರು ಇವತ್ತು ಈಸಲ್ ಹೊತ್ತು ಎಲ್ಲಿ ಕೂರಬೇಕು? ವಿಮಾನ ತರಬೇತಿ ಶಾಲೆಯ ರನ್‌ವೇ ಇದೆ, ಕೆರೆಯೂ ಇದೆ. ಆದರೆ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲದ ಹೊಲ, ರಾಗಿ ಕಣ, ದ್ರಾಕ್ಷಿ ಚಪ್ಪರ ಎಲ್ಲ ಒಂದೊಂದಾಗಿ ಲೇಔಟ್ ಆದವು. ಹೊಲ ಹೋದರೂ ಮನೆಯ ಸಾಮಾನು ಪೂರ್ತಿ ಹೋಗಲಿಲ್ಲ. ಸೇರು, ಕಡಗೋಲು, ಲಾಟೀನು ಹಳೆಯ ಸೀರೆಯ ಗಂಟಿನೊಳಗೆ ಅಟ್ಟದ ಮೇಲೆ ಕೂತಿವೆ. ನೆನಪು ಬರೆಯಹೊರಟವರಿಗೆ ಎದುರಿಗೆ ಇಟ್ಟುಕೊಳ್ಳಲು ಇನ್ನು ಸಿಗುವುದು ಇಂಥವೇ.

ಜೊತೆಗೆ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ‘ಬೆಂಗಳೂರು ನೀಲಿ’ ಈ ಸೀಮೆಯ ಹಣ್ಣು. ಅದರ ಕಡುನೀಲಿ ಸಿಪ್ಪೆಯ ಮೇಲೆ ಮೇಣದ ತೆಳ್ಳನೆ ಬಿಳಿ ಬೂದಿ ಕೂತಿರುತ್ತದೆ. ಮುಟ್ಟಿದಲ್ಲಿ ಅದು ಅಳಿಸಿ, ಒಳಗಿನ ಕಪ್ಪು ಹೊಳೆಯುತ್ತದೆ. ಎಣ್ಣೆಬಣ್ಣದಲ್ಲಿ ಇದನ್ನು ತರುವುದು ತಾಳ್ಮೆಯ ಕೆಲಸ. ಮೊದಲು ಕಪ್ಪಿಗೆ ಹತ್ತಿರದ ನೇರಳೆ ಹಚ್ಚಿ ಪೂರ್ತಿ ಒಣಗಲು ಬಿಡಬೇಕು. ಆಮೇಲೆ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ಒಣಗಿದ ಕುಂಚದಲ್ಲಿ ನೀಲಿ ಬೆರೆತ ಬಿಳಿಯನ್ನು ಹಗುರಾಗಿ ಸವರಬೇಕು. ಮಗುವಿನ ಬೆರಳು ತಾಗಿದ ಕಡೆ ಸವರಬಾರದು. ಅಲ್ಲಿ ಚೂಪಾದ ಒಂದೇ ಬೆಳಕಿನ ಚುಕ್ಕೆ ಸಾಕು. ಗೊಂಚಲಿಗೆ ಕೈ ಹಾಕಿ ಬೈಸಿಕೊಂಡ ಮಧ್ಯಾಹ್ನ ಚಿತ್ರದೊಳಗೆ ಬರುವುದು ಹಾಗೆ ಸವರದೆ ಬಿಟ್ಟ ಜಾಗದಿಂದ.

ಇಟಲಿಯ ಜೊರ್ಜೊ ಮೊರಾಂಡಿ (1890–1964) ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ದಶಕಗಟ್ಟಲೆ ಬರೆದರು. ಅವುಗಳ ಮೇಲೆ ಕೂತ ದೂಳನ್ನೂ ಹಾಗೇ ಇರಗೊಟ್ಟರು. 17ನೇ ಶತಮಾನದ ಡಚ್ ಚಿತ್ರಕಾರರು ಕಾಲ ಸರಿಯುವುದನ್ನು ಹೇಳಲು ಹಣ್ಣು, ಹೂವಿನ ಪಕ್ಕ ತಲೆಬುರುಡೆ, ಗಡಿಯಾರ ಇಟ್ಟರು. ನಮಗೆ ಬುರುಡೆ ಬೇಕಿಲ್ಲ, ಮದುವೆಗೆ ಬಂದ ಒಂದು ತಂಬಿಗೆ ಸಾಕು. ಉಡುಗೊರೆ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ತಾರೀಖು ಹೊಡೆಸುವುದು ನಮ್ಮಲ್ಲಿ ರೂಢಿ. ಚುಕ್ಕೆ ಚುಕ್ಕೆಯಾಗಿ ಕೂತ ಆ ಅಕ್ಷರಗಳು ಹುಣಸೆಹಣ್ಣು, ಬೂದಿಯಲ್ಲಿ ತಿಕ್ಕಿಸಿಕೊಂಡು ಸವೆದು, ಎಷ್ಟೋ ಪಾತ್ರೆಗಳಲ್ಲಿ ಅರ್ಧ ಹೆಸರಷ್ಟೇ ಉಳಿದಿರುತ್ತದೆ.

ಚಿತ್ರಕ್ಕೆ ಇಡುವ ಮೊದಲು ಆ ತಂಬಿಗೆಯನ್ನು ಬೆಳಗಬೇಡಿ. ಕಿಲುಬು ಇರಲಿ, ನೆಗ್ಗು ಇರಲಿ. ಅಳಿದ ಅಕ್ಷರವನ್ನು ಊಹಿಸಿ ತುಂಬುವುದೂ ಬೇಡ. ಅಜ್ಜಿಯೋ ಅತ್ತೆಯೋ ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಕೇಳುತ್ತಲೇ ಬರೆಯಿರಿ. ಜಕ್ಕೂರು, ಯಲಹಂಕದ ಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳೂ ವರ್ಷಕ್ಕೊಂದು ಸಲವಾದರೂ ಶಾಲೆಯ ಹೂಜಿಯನ್ನು ಬದಿಗಿಟ್ಟು, ಮಕ್ಕಳಿಂದ ಮನೆಯ ಪಾತ್ರೆ ತರಿಸಿ ಬರೆಸಲಿ.